ಅಜ್ಜನ ಬೆನ್ನು

ನಿಮ್ಮ ಅಜ್ಜ ಕೋಟು ಹಾಕಿದವರಲ್ಲ ಮಕ್ಕಳೇ. ಎದುರು ಕೋಣೆಯ ಗೋಡೆಯಲ್ಲಿರುವ ಫೋಟೋದಲ್ಲಿ ಕೋಟು, ಟೈ ಎರಡೂ ಇವೆ. ಅವರು ತೀರಿಕೊಂಡಾಗ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ದೊಡ್ಡ ಫೋಟೋ ಒಂದು ಬೇಕಾಗಿತ್ತು. ನಮ್ಮ ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ. ಇದ್ದದ್ದು ಪಣಂಬೂರು ಬಂದರಿನ ಕೆಲಸದ ಗುರುತಿನ ಚೀಟಿಯಲ್ಲಿದ್ದ ಉಗುರಗಲದ ಪಟ ಮಾತ್ರ. ಸ್ಟುಡಿಯೋದವರು ಅದನ್ನೇ ಹಿಗ್ಗಿಸಿ, ಸುಕ್ಕು ಅಳಿಸಿ, ಬೆಳ್ಳಗೆ ಮಾಡಿ, ಯಾರದೋ ಕೋಟಿನ ಮೇಲೆ ಕೂರಿಸಿ ಕೊಟ್ಟರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತೀರಿಹೋದವರು ಹಾಗೆಯೇ ಕೋಟು ಹಾಕಿಕೊಂಡಿದ್ದಾರೆ. ಚೀಟಿ ಆ ಸ್ಟುಡಿಯೋದಲ್ಲೇ ಕಳೆದುಹೋಯಿತು.

ನೀವು ಹುಟ್ಟಿದ್ದು ಆಮೇಲೆ. ನಿಮ್ಮಲ್ಲಿ ಸಣ್ಣವಳು ಒಮ್ಮೆ, "ಅಜ್ಜ ಬ್ಯಾಂಕಿನಲ್ಲಿ ಇದ್ದದ್ದಾ ಅಜ್ಜಿ?" ಎಂದು ಕೇಳಿದಳು. ಅಂದಿನಿಂದ ನಿಮಗೆ ಅವರ ನಿಜವಾದ ಮುಖ ತೋರಿಸಬೇಕೆಂಬ ಆಸೆ ನನ್ನನ್ನು ಹಿಡಿಯಿತು.

ಶಕ್ತಿನಗರದ ಈ ಕಟ್ಟಡದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಚಿತ್ರ ಬರೆಯುವ ಹೆಂಗಸೊಬ್ಬರು ಬಾಡಿಗೆಗಿದ್ದರು. ಎಣ್ಣೆಬಣ್ಣದಲ್ಲಿ ಅವರು ಬರೆಯುತ್ತಿದ್ದದ್ದು ಮನುಷ್ಯರನ್ನೇ: ಮೀನು ಮಾರುವವರು, ಬಸ್ಸಿಗೆ ಕಾಯುವವರು, ಪಾಳಿ ಮುಗಿಸಿದ ನರ್ಸುಗಳು. ಲಿಫ್ಟಿನಲ್ಲಿ ಸಿಕ್ಕಾಗ, ನಿಮ್ಮ ಅಜ್ಜನ ಮುಖ ಬರೆದುಕೊಡಬಹುದಾ ಎಂದು ನಾಚಿಕೆ ಬಿಟ್ಟು ಕೇಳಿದೆ.

"ಬನ್ನಿ ಅಮ್ಮ, ನೀವು ಹೇಳಿ, ನಾನು ಬರೀತೇನೆ" ಎಂದರು.

ಮಧ್ಯಾಹ್ನ ನೀವೆಲ್ಲ ಇಲ್ಲದಾಗ ಹೋಗಿ ಕುಳಿತುಕೊಳ್ಳುತ್ತಿದ್ದೆ. ಮಳೆಗಾಲ, ಬಣ್ಣ ಒಣಗುತ್ತಲೇ ಇರಲಿಲ್ಲ.

"ಮೂಗು ಹೇಗೆ ಉಂಟು?"

"ಉದ್ದ. ತುಂಬ ಉದ್ದ ಅಲ್ಲ."

"ಹುಬ್ಬು?"

"ಹುಬ್ಬು ಎಂತ, ಎಲ್ಲರ ಹಾಗೆ."

ಅವರು ಬರೆಯುವುದು, ನಾನು ಅಲ್ಲ ಎನ್ನುವುದು. ಅವರು ಚಪ್ಪಟೆ ಚಾಕುವಿನಿಂದ ಹಸಿ ಮುಖವನ್ನು ಕೆರೆದು ತೆಗೆಯುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಒಂದು ದಿನ ಅವರಿಗೆ ನಗು ಬಂತು.

"ಅಮ್ಮ, ನೀವು ಗಂಡನ ಮುಖ ನೋಡಲೇ ಇಲ್ಲವಾ ಎಂತ?"

"ಆಗೆಲ್ಲ ನೋಡ್ಲಿಕ್ಕೆ ಎಲ್ಲಿ ಉಂಟು ಮಾರಾಯ್ತಿ! ಅತ್ತೆ ಇರುವ ಮನೆ. ಬಡಿಸುವಾಗ ತಲೆ ಬಗ್ಗಿಸಿರಬೇಕು. ಅವರು ಕೆಲಸಕ್ಕೆ ಹೊರಟ ಮೇಲೆ ಬಾಗಿಲ ಸಂದಿನಿಂದ ನೋಡುವುದು. ಹೋಗುವವರ ಬೆನ್ನು ಎಷ್ಟು ನೋಡಿದರೂ ಯಾರೂ ಕೇಳುವುದಿಲ್ಲ."

ಅವರ ನಗು ನಿಂತಿತು. "ಹಾಗಾದರೆ ಬೆನ್ನೇ ಹೇಳಿ" ಎಂದರು.

ಬೆನ್ನು ಹೇಳಲು ನಾನು ಯೋಚಿಸಬೇಕಾಗಲಿಲ್ಲ. ಎಡಭುಜ ತುಸು ಕೆಳಗೆ. ಕಿವಿಯ ಮೇಲೆ ಸಿಕ್ಕಿಸಿದ ಬೀಡಿ. ಸವೆದ ಕಾಲರು. ಕುತ್ತಿಗೆಯ ಮಡಿಕೆಯಲ್ಲಿ, ಎಷ್ಟು ತಿಕ್ಕಿದರೂ ಹೋಗದ ಅದಿರಿನ ಕೆಂಪು ಧೂಳು.

ಚಿತ್ರದಲ್ಲಿ ಅವರು ಗೇಟು ದಾಟಿ ಹೋಗುತ್ತಿದ್ದಾರೆ. ನಿಮ್ಮ ಅಪ್ಪ ಬಂದು ಅದನ್ನು ನೋಡಿದ. ಆಮೇಲೆ, "ಮುಖ ಇಲ್ಲದ್ದನ್ನು ಎದುರು ಕೋಣೆಯಲ್ಲಿ ಹಾಕ್ಲಿಕ್ಕೆ ಆಗ್ತದಾ ಅಮ್ಮ? ಬಂದವರು ಕೇಳುವುದಿಲ್ವಾ?" ಎಂದ. ಅವನು ಹೇಳುವುದೂ ಸರಿ. ಅದು ನನ್ನ ಕೋಣೆಯಲ್ಲಿದೆ.

ನಿಮಗೆ ಮುಖ ತೋರಿಸಲು ಹೊರಟವಳು ನಾನು. ಮೊದಲು ಕಣ್ಣು ಮುಚ್ಚಿದರೆ ಮಸುಕಾಗಿಯಾದರೂ ಅವರ ಮುಖ ಬರುತ್ತಿತ್ತು. ಈಗ ಬರುವುದು ಆ ಬೆನ್ನು ಮಾತ್ರ. ಬರೆದವರ ತಪ್ಪೇನೂ ಇಲ್ಲ, ಬೆನ್ನನ್ನು ಇದ್ದ ಹಾಗೆಯೇ ಬರೆದಿದ್ದಾರೆ. ಒಮ್ಮೆ ಈಚೆ ತಿರುಗಿ ಎಂದು ಕರೆಯೋಣವೆಂದರೆ, ಅವರನ್ನು ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ.