ಮದರಸಾಬನ ನಿವ್ವಳ ತೂಕ

ಜಕ್ಕಲಿಯ ಮದರಸಾಬ ಮೂವತ್ತು ವರ್ಷದಿಂದ ರೋಣದ ಮಾರುಕಟ್ಟೆಯಲ್ಲಿ ಕಾಟಾ ಎಂಬ ದೊಡ್ಡ ತೂಕದ ಯಂತ್ರದ ಮುಂದೆ ಕೂತು ಕಾಳು ತೂಗುತ್ತಾನೆ. ಆತನ ಗಾತ್ರವನ್ನು ಇದ್ದದ್ದಿದ್ದಂತೆ ಹೇಳಿದರೆ ನೀವು ನಂಬುವುದಿಲ್ಲ, ಹಾಗಾಗಿ ಅರ್ಧಕ್ಕೆ ಇಳಿಸಿ ಹೇಳುತ್ತೇನೆ. ಮಳೆಗಾಲದಲ್ಲಿ ಆತ ಎರೆಹೊಲ ದಾಟಿ ಹೋದರೆ ಹೆಜ್ಜೆಯಲ್ಲಿ ನಿಂತ ನೀರನ್ನು ಆಡುಗಳು ದೀಪಾವಳಿಯವರೆಗೆ ಕುಡಿಯುತ್ತವೆ. ಗಜೇಂದ್ರಗಡದಿಂದ ಬರುವ ಬಸ್ಸಿನಲ್ಲಿ ಆತ ಎಡಕ್ಕೆ ಕೂತರೆ, ಕಂಡಕ್ಟರ್ ನಾಲ್ವರು ಮಾಸ್ತರರನ್ನು ಬಲಕ್ಕೆ ಕೂರಿಸಿದ ಮೇಲೆಯೇ ಸೀಟಿ ಊದುತ್ತಾನೆ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಆಷಾಢದ ಆ ಮಂಗಳವಾರದ ತನಕ. ಅಂದು ಆತ ತಾನು ದುಡಿಯುವ ಅಡತಿ ಅಂಗಡಿಯಲ್ಲಿ ಎಣಿಕೆಗೆಂದು ಒಂದರ ಮೇಲೊಂದು ಒಟ್ಟಿದ ಕಡಲೆ ಚೀಲಗಳ ಥಪ್ಪಿ ಏರಿದ. ಮೂರನೆಯ ಸಾಲಿಗೆ ಕಾಲಿಟ್ಟನೋ ಇಲ್ಲವೋ, ಥಪ್ಪಿ ಕುಸಿಯಿತು. ಸಿಡಿದ ಕಡಲೆ ಬಡಿದು ನರಗುಂದದಲ್ಲಿ ಯಾರದೋ ಕಿಟಕಿ ಒಡೆಯಿತಂತೆ. ನಾನು ಹೋಗಿ ನೋಡಿಲ್ಲ.

ಅಂಗಡಿಯ ಮಾಲೀಕ ಮುತ್ತಣ್ಣ ಕಾಳಿನ ನಡುವೆ ನಿಂತು ಹೇಳಿದ: “ಮದರಸಾಬ, ಹೆಸರಕಾಳಿನ ಸುಗ್ಗಿ ಬರೂದರೊಳಗ ನೀ ಥಪ್ಪಿ ಏರೂವಂಗ ಆಗಬೇಕ. ಇಲ್ಲಂದ್ರ ಕಾಟಾದ ಮುಂದ ಬ್ಯಾರೆಯವನ್ನ ಕೂಡಸ್ತೀನಿ.”

“ಮೂವತ್ತ ವರ್ಷದ ಕೆಲಸರಿ ಸಾವಕಾರ್ರ. ನನಗ ಬ್ಯಾರೆ ಏನ ಬರ್ತೈತಿ?”

“ತಿನ್ನಾಕ ಬರ್ತೈತಲ್ಲ. ಮದಲ ಅದನ್ನ ಬಿಡು.”

ಹೆಂಡತಿ ಮಕ್ತುಮಬಿ ರೊಟ್ಟಿಯನ್ನು ಎಣಿಸಿ ಬಡಿಸಿ ನೋಡಿದಳು. ಎಣಿಸಿದಷ್ಟೂ ಹೆಚ್ಚಾದವು. ಕೊನೆಗೆ ಆರೋಗ್ಯ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಗಂಡನನ್ನು ಊರಿನ ಸಣ್ಣ ದವಾಖಾನೆಗೆ ಹೊಡೆದುಕೊಂಡು ಹೋದಳು. ಅಲ್ಲಿ ಅನ್ನಪೂರ್ಣಾ ಎಂಬ ನರ್ಸಬಾಯಿ ಟ್ಯಾಬಿನಲ್ಲಿ ಬೆಂಗಳೂರಿನ ಡಾಕ್ಟರನ್ನು ಕರೆದು ತೋರಿಸುತ್ತಾಳೆ.

“ಪೇಷೆಂಟ್ ಎಲ್ಲಿ? ಬರೀ ಗೋಡೆ ಕಾಣಿಸ್ತಿದೆ,” ಎಂದರು ಡಾಕ್ಟರು.

“ಅದು ಗೋಡಿ ಅಲ್ರಿ ಸರ್. ಪೇಷಂಟ್ ಅದಾರ.”

ಮದರಸಾಬ ಹಿಂದೆ ಸರಿದ. ಬಾಗಿಲು ದಾಟಿ, ರಸ್ತೆ ದಾಟಿ, ಆಚೆಯ ಬೇವಿನ ಮರಕ್ಕೆ ಬೆನ್ನು ತಾಗಿದಾಗ ಪರದೆಯಲ್ಲಿ ಪೂರ್ತಿ ಮನುಷ್ಯ ಮೂಡಿದ. ಡಾಕ್ಟರು ಕೇಳಿದ್ದನ್ನು ಅನ್ನಪೂರ್ಣಾ ಕೂಗಿ ಹೇಳಬೇಕು, ಆತನ ಉತ್ತರವನ್ನು ಇವಳು ಟ್ಯಾಬಿಗೆ ಮುಟ್ಟಿಸಬೇಕು. ಹೊಟ್ಟೆಯೊಳಗಿನ ಗುಟ್ಟೆಲ್ಲ ಜಕ್ಕಲಿಗೆ ತಿಳಿದ ಮೇಲೆ ತೀರ್ಮಾನ ಬಂತು. ವಾರಕ್ಕೊಂದು ಇಂಜೆಕ್ಷನ್, ಹಸಿವು ಇಳಿಯುತ್ತದೆ. ಕೊಂಡರೆ ಭಾರಿ ದುಬಾರಿ. ಆತನ ಎತ್ತರಕ್ಕೆ ನೂರಾ ಇಪ್ಪತ್ತು ಕಿಲೋ ಮೇಲಿದ್ದರೆ ಕಾರ್ಡಿನಲ್ಲಿ ಪುಕ್ಕಟೆ.

ದವಾಖಾನೆಯ ತೂಕದ ಯಂತ್ರ ಹತ್ತಿದರೆ ಮುಳ್ಳು ಪೂರ್ತಿ ಒಂದು ಸುತ್ತು ತಿರುಗಿ ನಾಲ್ಕಕ್ಕೆ ನಿಂತಿತು.

“ನಾಕ ಕಿಲೋ ಅಂತ ಬರದ್ರ ಅಂಗನವಾಡಿಯವರು ಬಂದು ಮೊಟ್ಟಿ ಕೊಟ್ಟು ಹೋಗ್ತಾರ,” ಎಂದಳು ಅನ್ನಪೂರ್ಣಾ. “ಕಾಕಾ, ನಿಮ್ಮ ಮಾರ್ಕೆಟ್ಟಿನ ಕಾಟಾದಾಗ ತೂಗಿ ಸಹಿ ಮಾಡಿದ ಚೀಟಿ ತರ್ರಿ.”

ತೂಕವೆಂದರೆ ಮದರಸಾಬನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಟಾ ಹತ್ತಿದ, ನೂರಾ ಇಪ್ಪತ್ನಾಲ್ಕು ಬಂತು. ರೈತರ ಕಾಳು ತೂಗುವಾಗ ಚೀಲದ ಬಾಬತ್ತು, ಹಸಿಯ ಅಂದರೆ ತೇವದ ಬಾಬತ್ತು, ಕಸದ ಬಾಬತ್ತು ಎಂದು ತೂಕದಲ್ಲಿ ಮುರಿದುಕೊಂಡು ಬರೆಯುವುದು ಆ ಅಂಗಡಿಯ ಪದ್ಧತಿ. ಕೈ ತನ್ನಷ್ಟಕ್ಕೆ ಬರೆಯಿತು. ಲುಂಗಿ, ಅಂಗಿ, ಟೋಪಿಗೆ ಒಂದೂವರೆ ಕಿಲೋ. ಬೆವರಿನ ಹಸಿಗೆ ಎರಡು. ಮುಂಜಾನೆ ತಿಂದ ಮಿರ್ಚಿಯನ್ನು ಕಸವೆಂದು ಹಿಡಿದು ಒಂದು. ನಿವ್ವಳ ನೂರಾ ಹತ್ತೊಂಬತ್ತೂವರೆ. ಕೆಳಗೆ ಸಹಿ.

ತಾಸಿನೊಳಗೆ ಟ್ಯಾಬಿನಲ್ಲಿ ಉತ್ತರ ಬಂತು: ಅರ್ಧ ಕಿಲೋ ಕಡಿಮೆ, ಅರ್ಜಿ ತಿರಸ್ಕೃತ.

“ಇದ್ಯಾಕ ಕಳದ್ರಿ ಕಾಕಾ?”

“ಕಳೀಲಿಲ್ಲಂದ್ರ ಅದು ತೂಕ ಹ್ಯಾಂಗ ಆಗ್ತೈತವ್ವಾ?”

“ಇವರ ಕೈಯಾಗ ಬಂಗಾರ ಕೊಟ್ರೂ ಹಸಿ ಮುರೀತಾರ,” ಎಂದಳು ಮಕ್ತುಮಬಿ.

ಅನ್ನಪೂರ್ಣಾ ಮತ್ತೆ ಡಾಕ್ಟರನ್ನು ಹಿಡಿದು ಒಂದು ದಾರಿ ತೆಗೆದಳು. ವಾರದೊಳಗೆ ಹೊಸ ಚೀಟಿ ತರಬೇಕು. ಏನನ್ನೇ ಕಳೆದರೂ ತಪ್ಪೆಂದು ತೂಗಿದವನೇ ಬರೆದು ಸಹಿ ಮಾಡಬೇಕು.

ಮರುದಿನ ಮದರಸಾಬ ಕಾಟಾದ ಮೇಲೆ ನಿಂತೇ ಬರೆದ. ಕಡಲೆ ಚೀಲ ತಂದು ಪಾಳಿಯಲ್ಲಿ ನಿಂತಿದ್ದ ಹೊಳೆಮಣ್ಣೂರಿನ ಹುಚ್ಚಪ್ಪ ಹೆಗಲ ಮೇಲಿನಿಂದ ಬಗ್ಗಿ ಗಟ್ಟಿಯಾಗಿ ಓದಿದ: “‘ಬಟ್ಟೆ, ಹಸಿ, ಕಸ ಕಳೆಯುವುದು ತಪ್ಪು. ಕಾಟಾ ತೋರಿಸಿದ್ದೇ ತೂಕ.’ ಮದರಸಾಬಣ್ಣ, ಇದನ್ನ ನೀನ ಬರದಿ?”

“ದವಾಖಾನಿ ಸಂಬಂಧ ಬರದೀನೋ ತಮ್ಮಾ.”

“ನಿನ್ನ ಬೆವರ ತೂಕಕ್ಕ ಬರ್ತೈತಿ. ನನ್ನ ಕಡ್ಲಿ ಹಸಿ ಬರೂದಿಲ್ಲೇನು?”

ಪಾಳಿಯವರೆಲ್ಲ ಕಾಟಾದ ಸುತ್ತ ನೆರೆದರು. ಚೀಟಿ ಹರಿದರೆ ಇಂಜೆಕ್ಷನ್ ಇಲ್ಲ. ಇಟ್ಟುಕೊಂಡರೆ ರೈತರ ಕಾಳಿನಲ್ಲೂ ಕಳೆಯುವಂತಿಲ್ಲ, ಮುತ್ತಣ್ಣ ಇಂದೇ ಕೆಲಸದಿಂದ ಎಬ್ಬಿಸುತ್ತಾನೆ. ಮದರಸಾಬ ಹುಚ್ಚಪ್ಪನ ಚೀಲಗಳನ್ನು ನೋಡಿದ. ಆಮೇಲೆ ಕಾಟಾದಿಂದ ಇಳಿದ.

“ಒಂದ ದಿನದಾಗ ಎರಡ ನಮೂನಿ ತೂಗಾಕ ನನಗ ಬರೂದಿಲ್ಲಪಾ. ಚೀಲ ಹಾಕು.” ಪೂರ್ತಿ ತೂಕವನ್ನೇ ಬರೆದುಕೊಟ್ಟ.

ಮುತ್ತಣ್ಣ ಒಳಗಿನಿಂದ ಓಡಿ ಬರುವುದರೊಳಗೆ, ಪಾಳಿಯವರು ತೆಗೆದ ‘ಕಳೆಯುವುದು ತಪ್ಪು’ ಚೀಟಿಯ ಫೋಟೋ ಲಕ್ಕಲಕಟ್ಟಿ ಊರಿನವರೆಗೆ ಹೋಗಿತ್ತು.

ಇಂಜೆಕ್ಷನ್ ಮಂಜೂರಾಯಿತು. ಆದರೆ ಹೆಸರುಕಾಳು ಮಾರುಕಟ್ಟೆಗೆ ಬರುವ ಹೊತ್ತಿಗೆ ಇಳಿದದ್ದು ಆರೇ ಕಿಲೋ. ಥಪ್ಪಿ ಏರುವ ಮಾತೇ ಇರಲಿಲ್ಲ. ಮುತ್ತಣ್ಣ ಆತನನ್ನು ಮನೆಗೆ ಕಳಿಸಿ, ಬೇರೊಬ್ಬನನ್ನು ಕರೆಸಿ ಕಾಟಾದ ಮುಂದೆ ಕೂರಿಸಿಯೂ ನೋಡಿದ. ಅಂಗಡಿಯಿಂದ ನರಗುಂದದ ತನಕ ನಿಂತ ಟ್ರ್ಯಾಕ್ಟರುಗಳಿಂದ ಒಂದು ಚೀಲವೂ ಇಳಿಯಲಿಲ್ಲ. “ಮದರಸಾಬಣ್ಣ ತೂಗಿದ್ರಷ್ಟ,” ಎಂದರು ರೈತರು. ಮಧ್ಯಾಹ್ನಕ್ಕೆ ಮುತ್ತಣ್ಣನೇ ಜಕ್ಕಲಿಗೆ ಬಂದು ಆತನನ್ನು ಕರೆದೊಯ್ದ.

ಸಂಜೆಗೆ ಥಪ್ಪಿ ಮೋಡಕ್ಕೆ ತಾಗಿತು.

“ಈಗ ಇದನ್ನ ಯಾರ ಏರೂದು?” ಎಂದ ಮುತ್ತಣ್ಣ.

“ನೀವ ಏರ್ರಿ ಸಾವಕಾರ್ರ. ನೀವು ಬರೇ ಅರವತ್ತೆರಡ ಕಿಲೋ ಅದೀರಿ.”

“ಧೋತರ ಕಳದು?”

“ಈಗ ಏನೂ ಕಳಿಯಂಗಿಲ್ರಿ,” ಎಂದ ಮದರಸಾಬ, ಮುಂದಿನ ಚೀಲ ಕಾಟಾಕ್ಕೆ ಎಳೆದುಕೊಳ್ಳುತ್ತ.