ಹುಣಸೂರಿನ ಹ

ಆ ಶನಿವಾರ ಹನ್ನೊಂದು ಗಂಟೆಗೆ ಮುಂಬೈಯಿಂದ ಒಬ್ಬ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ನನಗೆ ಫೋನ್ ಮಾಡುವವರಿದ್ದರು. ಅವರು ಕೊಟ್ಟಿದ್ದು ಹದಿನೈದೇ ನಿಮಿಷ. ನಾನು ತಯಾರಿಗೆ ಕೂತು ಹನ್ನೊಂದು ದಿನವಾಗಿತ್ತು. ಕೂತು ಎಂದೆನಲ್ಲ, ಕೂತದ್ದು ಕಡಿಮೆ. ಹುಣಸೂರು ತಾಲ್ಲೂಕಿನ ಬಿಳಿಕೆರೆಯ ಹೆದ್ದಾರಿ ಬದಿಯಲ್ಲಿ ನಮ್ಮ ಅತ್ತಿಗೆಯ ಹೊಲಿಗೆ ಅಂಗಡಿ ಇದೆ. ರಜೆ ಹಾಕಿ ಬಂದು ಅದರೊಳಗೆ ಗೋಡೆಯಿಂದ ಗೋಡೆಗೆ ಓಡಾಡಿದ್ದೇ ಹೆಚ್ಚು. ನಮ್ಮ ಊರು ಅಲ್ಲಿಂದ ಒಳಗೆ. ಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ.

ನಾನಾಗ ಮೈಸೂರಿನ ಒಂದು ಆಡಿಟರ್ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಈ ಮಾತುಕತೆ ಗೊತ್ತುಮಾಡಿದ್ದು ಕಾಲೇಜಿನ ಸೀನಿಯರ್ ಒಬ್ಬಳು. ಆ ಬ್ಯಾಂಕರ್ ಇರುವ ಬ್ಯಾಂಕಿಗೆ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆ, ಒಳಗಿನವರು ಯಾರಾದರೂ ಹೆಸರು ಸೂಚಿಸದಿದ್ದರೆ ನಿನ್ನ ಅರ್ಜಿ ತೆರೆದೂ ನೋಡುವುದಿಲ್ಲ ಎಂದಿದ್ದಳು. ಕೆಲಸ ಕೇಳಬೇಡ, ಅವರ ಅನುಭವ ಕೇಳು. ಮೊದಲ ಎರಡು ನಿಮಿಷ ನಿನ್ನ ಬಗ್ಗೆ ಹೇಳು, ಅಷ್ಟರಲ್ಲೇ ಅವರು ನಿನ್ನನ್ನು ಅಳೆದಿರುತ್ತಾರೆ ಎಂದೂ ಹೇಳಿಕೊಟ್ಟಿದ್ದಳು.

ನನ್ನ ನೆಮ್ಮದಿ ಕೆಡಿಸಿದ್ದು ಆ ಎರಡು ನಿಮಿಷ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ, ಅದರಿಂದ ಊರಲ್ಲಿ ಯಾರಿಗೂ ನಷ್ಟವಿಲ್ಲ. ಆದರೆ ಎಂ.ಕಾಂ. ಓದುವಾಗ ನಷ್ಟದ ಅಪಾಯ ತಗ್ಗಿಸುವ ಹೆಡ್ಜಿಂಗ್ ಕುರಿತು ಹತ್ತು ನಿಮಿಷ ಸೆಮಿನಾರ್ ಕೊಟ್ಟೆ, ಹತ್ತೂ ನಿಮಿಷ ಎಡ್ಜಿಂಗ್ ಎಂದೇ ಅಂದೆ. ಕೊನೆಗೆ ಮೇಷ್ಟರು, ಇದು ಯಾವುದರ ಅಂಚಮ್ಮ ಎಂದು ಕೇಳಿದರು. ಕೋರ್ಸ್ ಮುಗಿಯುವವರೆಗೂ ತರಗತಿಯಲ್ಲಿ ನನ್ನ ಹೆಸರು ಎಡ್ಜು. ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಅತ್ತಿಗೆ ಕೆ.ಆರ್. ನಗರದ ಕಡೆ ಮಿರ್ಲೆಯವಳು. ಈ ಬ್ಯಾಂಕರಿಗೆ ಏನು ಕೆಲಸ ಎಂದು ಕೇಳಿದಳು. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ನಡುವೆ ಕೂತು ವ್ಯಾಪಾರ ಕುದುರಿಸುವವರು ಎಂದೆ. ಹಾಗಾದರೆ ದನದ ದಲ್ಲಾಳಿಯೇ ಬಿಡು ಎಂದು ತೀರ್ಮಾನಿಸಿದಳು. ನನ್ನ ಹಕಾರದ ಚಿಕಿತ್ಸೆಯೂ ಅವಳದೇ. ಬ್ಲೌಸಿನ ಮಾದರಿ ಕತ್ತರಿಸಲು ಇಟ್ಟಿದ್ದ ತೆಳು ಕಾಗದದಲ್ಲಿ ಒಂದು ಪಟ್ಟಿ ಹರಿದು ನನ್ನ ತುಟಿಯ ಮುಂದೆ ಹಿಡಿದಳು. ಹ ಬಂದರೆ ಕಾಗದ ಅಲ್ಲಾಡಬೇಕು.

"ಅಲ್ಲಾಡ್ನಿಲ್ಲ ಕಣವ್ವ. ಇನ್ನೊಂದ್ಸಲ ಯೋಳು."

ಬಟ್ಟೆ ಕೊಡಲು ಬಂದ ಹೆಂಗಸರೂ ನಿಂತು ನೋಡಿ ತೀರ್ಪು ಕೊಡತೊಡಗಿದರು. ವಾರದಲ್ಲಿ ಹ ಬಂತು, ಆದರೆ ಬೇಡದ ಕಡೆಯೆಲ್ಲ ಬಂತು. ಐ ಆ್ಯಮ್ ಫ್ರಮ್ ಹುಣಸೂರು ಎನ್ನಬೇಕಾದಲ್ಲಿ ಹೈ ಹ್ಯಾಮ್ ಫ್ರಮ್ ಉಣಸೂರು ಎನ್ನುತ್ತಿದ್ದೆ. ಶುಕ್ರವಾರ ಸಂಜೆ ನನಗೆ ಸಿಟ್ಟು ನೆತ್ತಿಗೇರಿತು. ಬರೆದಿಟ್ಟುಕೊಂಡಿದ್ದರಲ್ಲಿ ಹುಣಸೂರನ್ನೇ ಹೊಡೆದುಹಾಕಿ ಮೈಸೂರು ಎಂದು ಬರೆದೆ. ಎಷ್ಟು ಸಲೀಸಾಗಿ ಬರುತ್ತದೆ ಮೈಸೂರು! ದರಿದ್ರದ ಅಕ್ಷರದ ಕಾಟ ತಪ್ಪಿತು ಅಂದುಕೊಂಡೆ. ಅತ್ತಿಗೆಗೆ ಹೇಳಲಿಲ್ಲ.

ಶನಿವಾರ ಹತ್ತಕ್ಕೇ ಅವಳು ಷಟರ್ ಅರ್ಧ ಇಳಿಸಿ, ಗಿರಾಕಿಗಳು ಒಳಗೆ ನುಗ್ಗದಂತೆ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಳು. ನಾನು ನೀರು ಕುಡಿದೆ, ಫೋನಿನ ಚಾರ್ಜ್ ನೋಡಿದೆ, ಮತ್ತೆ ನೀರು ಕುಡಿದೆ, ಮತ್ತೆ ಚಾರ್ಜ್ ನೋಡಿದೆ. ಹೆದ್ದಾರಿಯ ಒಂದೊಂದು ಬಸ್ಸಿನ ಹಾರ್ನಿಗೂ ಜೀವ ಹಾರುತ್ತಿತ್ತು.

ಸರಿಯಾಗಿ ಹನ್ನೊಂದಕ್ಕೆ ಕರೆ ಬಂತು. ಎರಡು ನಿಮಿಷದ ಪಾಠ ಒಪ್ಪಿಸಿದೆ, ಎಲ್ಲೂ ಎಡವಲಿಲ್ಲ. ಮೈಸೂರಿನಲ್ಲಿ ಎಲ್ಲಿ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಸರಸ್ವತಿಪುರಂ ಎಂದೆ; ಅಲ್ಲಿ ಒಂದು ಪಿ.ಜಿ.ಯಲ್ಲಿ ಬಾಡಿಗೆಗಿದ್ದೆ, ಅಷ್ಟೇ. ತಂದೆತಾಯಿಯೂ ಅಲ್ಲೇನಾ ಎಂದರು. ಬಾಯಿ ತಾನಾಗಿ ಯೆಸ್ ಎಂದಿತು. ಆಮೇಲೆ ಅವರ ಕೆಲಸದ ಬಗ್ಗೆ ಸಿದ್ಧಮಾಡಿಕೊಂಡ ಪ್ರಶ್ನೆಗಳನ್ನು ಕೇಳಿದೆ. ಬಿಡಿಸಿ ಬಿಡಿಸಿ ಹೇಳಿದರು, ಒಮ್ಮೆ ನಕ್ಕರೂ ನಕ್ಕರು. ಗೆದ್ದೆ ಅಂದುಕೊಂಡೆ. ಮುಗಿಯುವ ಹೊತ್ತಿಗೆ ಅವರು ಕನ್ನಡಕ್ಕೆ ಬಂದರು.

"ನೀವು ಹುಣಸೂರಿನ ಹುಡುಗಿ ಅಂತ ನಿಮ್ಮ ಸೀನಿಯರ್ ಅಂದಿದ್ರಲ್ಲ? ನಮ್ಮ ತಾಯಿ ಪಕ್ಕದ ಪಿರಿಯಾಪಟ್ಟಣದವರು. ಆ ಕಡೆಯಿಂದ ಯಾರೋ ಬರ್ತಿದ್ದಾರೆ ಅಂತಲೇ ನಾನು ಟೈಮ್ ಕೊಟ್ಟಿದ್ದು."

ಇನ್ನು ಮುಚ್ಚಿಡಲು ಆಗಲಿಲ್ಲ.

"ಹೌದು ಸರ್. ನಾನು ಹುಣಸೂರಿನವಳೇ. ಹುಣಸೂರು."

ಮತ್ತೆ ಆಗ ಯಾಕೆ ಹಾಗಂದಿರಿ ಎಂದು ಕೇಳಿದರು. ಒಂದು ಅಕ್ಷರಕ್ಕೆ ಹೆದರಿ ಅಪ್ಪ ಅಮ್ಮನನ್ನೂ ಮೈಸೂರಿಗೆ ಸಾಗಿಸಿಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳಲಿ? ಸಾರಿ ಸರ್ ಎಂದಷ್ಟೇ ಅಂದೆ. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಅರ್ಜಿ ಹಾಕಿ, ಒಳ್ಳೇದಾಗಲಿ. ಅದರಲ್ಲಿ ನನ್ನ ಹೆಸರು ಬರೆಯೋದು ಬೇಡ," ಎಂದು ಫೋನ್ ಇಟ್ಟರು.

ನಾಚಿಕೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಅಸಹ್ಯ. ಅಷ್ಟರಲ್ಲಿ ಅತ್ತಿಗೆ ಷಟರ್ ಕೆಳಗೆ ಬಗ್ಗಿ ಒಳಗೆ ಬಂದಳು. ಅವಳಿಗೆ ಇಂಗ್ಲಿಷ್ ತಿಳಿಯದು. ಬಸ್ಸು ಲಾರಿಗಳ ಗದ್ದಲದಲ್ಲಿ ಅವಳ ಕಿವಿಗೆ ಬಿದ್ದದ್ದು ನನ್ನ ಕೊನೆಯ ಕನ್ನಡದ ಮಾತು ಮಾತ್ರ. ಮುಖದ ತುಂಬ ಹಿಗ್ಗು.

"ಉಣ್ಸೂರು ಅಂದಿದ್ದು ಬೋ ಚೆಂದಾಗ್ ಬಂತು ಕಣವ್ವ. ಎಲ್ಡ್ ಸಲನೂವೆ."

ಹೂಂ ಅತ್ತಿಗೆ ಎಂದೆ. ಅಷ್ಟು ಅನ್ನುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಖುಷಿಗೆ ಅಳುತ್ತಿದ್ದೇನೆ ಅಂದುಕೊಂಡು ಅವಳು ನನ್ನ ಬೆನ್ನು ಸವರಿ, ಹೊರಗೆ ಕಾಯುತ್ತಿದ್ದ ಹೆಂಗಸರಿಗೆ ನಮ್ಮ ಹುಡುಗಿಗೆ ಕೆಲಸ ಸಿಕ್ಕಿತೆಂದು ಹೇಳಲು ಹೋದಳು.