ಕಾಲುದಾರಿ ಬಳಗದ ಅಕ್ಕಾರು

ಶಾಂಭವಿ ಅಕ್ಕಾರಿಗೆ ನಡೆಯುವುದೆಂದರೆ ಆಗುತ್ತಿರಲಿಲ್ಲ. ಓಣಿಯ ತುದಿಯ ಕಿರಾಣಿ ಅಂಗಡಿಗೂ ಅವರು ಸ್ಕೂಟಿಯ ಮೇಲೆಯೇ ಹೋಗುವವರು. ಕೊತ್ತಂಬರಿ ಸಿವುಡು ಕೊಳ್ಳುವಾಗ ಎಂಜಿನ್ ಕೂಡ ಬಂದ್ ಮಾಡುತ್ತಿರಲಿಲ್ಲ. ಇಂಥವರು ಧಾರವಾಡದ ಕಾಲುದಾರಿ ಬಳಗಕ್ಕೆ ಅಧ್ಯಕ್ಷರಾದದ್ದು ಹೇಗೆಂದು ಜನ ಈಗಲೂ ಕೇಳುತ್ತಾರೆ.

ಅಕ್ಕಾರು ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರ ಮನೆಯ ಮಗಳು. ಧಾರವಾಡದಲ್ಲಿ ಬೀಜದ ಅಂಗಡಿ ಇಟ್ಟಿದ್ದ ಕುಮಾರಸ್ವಾಮಿಯವರ ಕೈ ಹಿಡಿದು ಬಂದವರು. ಅವರು ಮಾತಿಗೆ ಕೂತರೆಂದರೆ, ಜಗಳಕ್ಕೆ ಬಂದವರು ಜಗಳ ಮರೆತು ಮಗಳ ಲಗ್ನದ ಸುದ್ದಿ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಗಂಡನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಡಾಕ್ಟರು ದಿನಾ ನಡೆಯಲೇಬೇಕು ಎಂದಾಗ, ಅಕ್ಕಾರೇ ಅವರನ್ನು ಬಳಗಕ್ಕೆ ಸೇರಿಸಿದರು. ಮೊದಲ ಸಭೆಗೆ ತಾವೂ ಹೋದದ್ದು, ಗಂಡ ಅರ್ಧ ದಾರಿಯಲ್ಲಿ ತಪ್ಪಿಸಿಕೊಳ್ಳಬಾರದೆಂದು ಮಾತ್ರ.

ಊರ ಅಂಚಿನಿಂದ ಹೆಬ್ಬಳ್ಳಿ, ಗರಗದ ಕಡೆ ಹೋಗುವ ಹಳೆಯ ದಾರಿಗಳ ಮುಳ್ಳುಕಂಟಿ ಕಡಿದು, ಕಲ್ಲಿಗೆ ಬಣ್ಣ ಬಳಿದು, ಅಡ್ಡಾಡುವವರಿಗೆ ತೆರೆದಿಡುವುದು ಬಳಗದ ಕೆಲಸ. ಅಧ್ಯಕ್ಷ ಯಾರಾಗಬೇಕೆಂದು ಆ ದಿನ ದೊಡ್ಡ ಗದ್ದಲ ನಡೆದಿತ್ತು. ಒಂದು ಕಡೆ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಇಂಜಿನಿಯರ್ ಪ್ರತಾಪ, ಸೈಕಲ್ ಹೊಡೆಯುವವರ ಮುಖಂಡ. ಸಭೆಯಲ್ಲೂ ಹೆಲ್ಮೆಟ್ ತೆಗೆಯದ ಮನುಷ್ಯ. ಇನ್ನೊಂದು ಕಡೆ ನಿವೃತ್ತ ಪಿ.ಟಿ. ಮಾಸ್ತರ ಬಡೇಸಾಬರು, ನಡೆಯುವವರ ಮುಖಂಡರು, ಕೊರಳಲ್ಲಿ ಸೀಟಿ. ಇವರು ಅವರಿಗೆ ಬಗ್ಗಲಿಲ್ಲ, ಅವರು ಇವರಿಗೆ ಬಗ್ಗಲಿಲ್ಲ. ಕೊನೆಗೆ ಯಾರೋ ಮೂಲೆಯಲ್ಲಿ ಅವಲಕ್ಕಿ ಹಂಚುತ್ತಿದ್ದ ಅಕ್ಕಾರ ಹೆಸರು ಹೇಳಿದರು.

"ಅಯ್ಯ, ನನಗ ನಡಿಯಾಕ ಬರೂದಿಲ್ರಿ!" ಎಂದರು ಅಕ್ಕಾರು.

"ಅಧ್ಯಕ್ಷರು ಕುಂಡ್ರೂದರಿ ಅಕ್ಕಾರ, ನಡಿಯೂದಲ್ಲ," ಎಂದರು ಬಡೇಸಾಬರು. ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು.

ಅಕ್ಕಾರು ಕೂತೇ ಆಡಳಿತ ನಡೆಸಿದರು. ಭಾನುವಾರ ಬೆಳಿಗ್ಗೆ ದಾರಿಯ ಬಾಯಲ್ಲಿ ನಿಂತು ಎಲ್ಲರಿಗೂ ಕೈ ಬೀಸುವುದು, ಆಮೇಲೆ ಡಾಂಬರು ರಸ್ತೆ ಹಿಡಿದು ಸ್ಕೂಟಿಯಲ್ಲಿ ಹೆಬ್ಬಳ್ಳಿಗೆ ಹೋಗಿ, ಬೆವರಿಳಿಸುತ್ತ ಬಂದವರಿಗೆ ಚಹಾ ಕೊಡುವುದು. ನಡುವಿನ ದಾರಿ ಹೇಗಿದೆ ಎಂದು ಅವರು ನೋಡಿರಲೇ ಇಲ್ಲ.

ಹೀಗಿರಲು, ಒಂದು ಚಳಿಗಾಲ ದಾರಿ ಬಂದ್ ಆಯಿತು. ಹೆಬ್ಬಳ್ಳಿಗಿಂತ ಈಚೆ ರಾಮಪ್ಪನೆಂಬ ರೈತನ ಹೊಲದ ಬದುವಿನ ಮೇಲೆ ದಾರಿ ಹಾಯುತ್ತಿತ್ತು. ಅಲ್ಲಿ ಅವನು ಜಾಲಿಮುಳ್ಳು ಹಚ್ಚಿಬಿಟ್ಟ. ನಿಮ್ಮ ಮಂದಿ ನನ್ನ ಹಸಿ ಕಡಲೆ ಕಿತ್ತುಕೊಂಡು ಹೋಗುತ್ತಾರೆ ಎಂಬುದು ಅವನ ತಕರಾರು. ಬಳಗಕ್ಕೆ ಸಿಟ್ಟು ಬಂತು. ಅಕ್ಕಾರ ಮನೆಯಲ್ಲಿ ಸಭೆ ಸೇರಿ, ಇದು ಸುಳ್ಳು ಆರೋಪ ಎಂದು ಠರಾವು ಪಾಸು ಮಾಡಿದರು.

ಮೊದಲು ಪ್ರತಾಪ ಹೋಗಿ ಫೋನು ತೋರಿಸಿದ. "ನಕಾಶೆದಾಗ ಇಲ್ಲಿ ದಾರಿ ಐತ್ರಿ, ನೋಡ್ರಿ."

ರಾಮಪ್ಪ ಬಗ್ಗಿ ನೋಡಿದ. "ಇದರಾಗ ನನ್ನ ಕಡ್ಲಿ ಕಾಣ್ತೈತೇನ್ರಿ?"

"ಇಲ್ಲಲ್ರಿ."

"ಹಂಗಾರ ಇದು ನನ್ನ ಹೊಲ ಅಲ್ಲ. ಆ ಹೊಲ ಎಲ್ಲೈತಿ ಹುಡುಕ್ಕೊಂಡು ಅಲ್ಲೇ ಅಡ್ಡಾಡ್ರಿ." ಅಷ್ಟರಲ್ಲಿ ರಾಮಪ್ಪನ ನಾಯಿ ಮೋತ್ಯಾ ಬೊಗಳುತ್ತ ಬಂದು ಸೈಕಲ್ಲಿನ ಗಾಲಿಗೆ ಬಾಯಿ ಹಾಕಿತು.

ಆಮೇಲೆ ಬಡೇಸಾಬರು ಹೋದರು. ದೂರದಿಂದಲೇ ಕರೆಯೋಣವೆಂದು ಸೀಟಿ ಊದಿದರು. ರಾಮಪ್ಪನ ಎತ್ತುಗಳು ಬೆದರಿ ಗಾಡಿಸಮೇತ ಊರ ಕಡೆ ಓಡಿದವು. ಮಾಸ್ತರು ಧಾರವಾಡದ ಕಡೆ ಓಡಿದರು, ಹಿಂದಿನಿಂದ ಮೋತ್ಯಾ.

ಇನ್ನು ಅಧ್ಯಕ್ಷರೇ ಹೋಗಬೇಕಾಯಿತು.

"ನೀವೂ ನಡೀರಿ. ರೈತರ ಜೋಡಿ ಮಾತಾಡಾಕ ನಿಮ್ಮಷ್ಟು ಯಾರಿಗೆ ಬರತೈತಿ?" ಎಂದು ಅಕ್ಕಾರು ಗಂಡನನ್ನು ಎಬ್ಬಿಸಿದರು.

"ನನಗ ಇವತ್ತ ಮೈಯಾಗ ಆರಾಮಿಲ್ಲ," ಎಂದರು ಕುಮಾರಸ್ವಾಮಿ. ಹೆಂಡತಿ ಬಿಡಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಮಫ್ಲರ್ ಸುತ್ತಿ, ಕಣ್ಣಷ್ಟೇ ಬಿಟ್ಟುಕೊಂಡು ಸ್ಕೂಟಿಯ ಹಿಂದೆ ಕೂತರು. ಕೇಳಿದರೆ, ಥಂಡಿ ಎಂದರು.

ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ರಸ್ತೆ ಬಿಟ್ಟು ಇಳಿದದ್ದೇ ತಡ, ಸ್ಕೂಟಿ ಎರೆಮಣ್ಣಿನಲ್ಲಿ ಹೂತು ನಿಂತಿತು. ಅಧ್ಯಕ್ಷಗಿರಿಯಲ್ಲಿ ಮೊದಲ ಸಲ ಅಕ್ಕಾರು ಕಾಲುದಾರಿಯ ಮೇಲೆ ಕಾಲಿಟ್ಟರು. ಹೆಜ್ಜೆಹೆಜ್ಜೆಗೂ ಚಪ್ಪಲಿಗೆ ಮಣ್ಣು ಮೆತ್ತಿ, ಬದು ಮುಟ್ಟುವ ಹೊತ್ತಿಗೆ ಅವರು ಗಂಡನಿಗಿಂತ ಎತ್ತರವಾಗಿದ್ದರು.

ಬದುವಿನ ಮೇಲೆ ರಾಮಪ್ಪನ ಹೆಂಡತಿ ರುಕ್ಮವ್ವ ಹೊಲ ಕಾಯುತ್ತ ಕೂತಿದ್ದಳು. "ಯವ್ವಾ, ಮೊದಲ ಕುಂಡ್ರಿ," ಎಂದಳು. "ಹೊಲದಾಗಿನ ಅರ್ಧ ಮಣ್ಣು ನಿಮ್ಮ ಕಾಲಾಗ ಬಂದೈತಿ."

ಅಕ್ಕಾರು ಕೂತರು. ಕೂತ ಮೇಲೆ ಕೇಳಬೇಕೆ? ಮಳೆಯ ಸುದ್ದಿ, ಮಂಡಿನೋವಿನ ಸುದ್ದಿ, ಸೊಸೆಯಂದಿರ ಸುದ್ದಿ ಎಲ್ಲ ಆದವು. ರಾಮಪ್ಪನೂ ಬಂದು ಒಂದು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ಹದ ಬಂದಿದೆ ಎನಿಸಿ ಅಕ್ಕಾರು ಮಾತು ತೆಗೆದರು: "ನಮ್ಮ ಬಳಗದವರು ಮರ್ಯಾದಸ್ಥ ಮಂದಿ ರಾಮಪ್ಪಾರ. ಇನ್ನೊಬ್ಬರ ಹೊಲದಾಗ ಒಂದು ಕಾಯಿಗೂ ಕೈ ಹಚ್ಚಂಗಿಲ್ಲ. ಇಲ್ಲೇ ನಮ್ಮ ಮನಿಯವರನ್ನ ನೋಡ್ರಿ..."

ಎಲ್ಲರೂ ನೋಡಿದರು. ಎಲ್ಲಿತ್ತೋ ಏನೋ, ಮೋತ್ಯಾ ಓಡಿ ಬಂತು. ಬೊಗಳಲಿಲ್ಲ. ಬಾಲ ಅಲ್ಲಾಡಿಸುತ್ತ ಕುಮಾರಸ್ವಾಮಿಯವರ ಎದೆಯ ಮೇಲೆ ಎರಡೂ ಕಾಲಿಟ್ಟು, ಕುಂಯ್‌ಗುಡುತ್ತ ಕೋಟಿನ ಕಿಸೆಗೆ ಮೂತಿ ತೂರಿಸಿತು. ಕಿಸೆಯಿಂದ ಬಿಸ್ಕತ್ತಿನ ಪುಡಿಕೆ ಕೆಳಗೆ ಬಿತ್ತು.

ಮೋತ್ಯಾ ಅಲ್ಲೇ ಕೂತು ಬಿಸ್ಕತ್ತು ಕುರುಕತೊಡಗಿತು.

"ಅಲ್ರಿ," ಎಂದ ರಾಮಪ್ಪ ನಿಧಾನವಾಗಿ, "ನಸುಕಿನ್ಯಾಗ ಕಳ್ಳ ಬಂದ್ರೂ ಇದು ಬೊಗಳವಲ್ದು, ಕಿವುಡ ಆತೇನೋ ಅಂತ ನಾ ಇದನ್ನ ದನದ ಡಾಕ್ಟರ್ ಕಡೆ ಒಯ್ದಿದ್ದೆ!"

ಅಕ್ಕಾರ ಮುಖ ಕೆಂಪಾಯಿತು. ಹಳೆಯ ಗಿರಾಕಿಯೊಬ್ಬ ಪ್ರೀತಿಯಿಂದ ಕೊಟ್ಟ ಎಂದು ಗಂಡ ದಿನಾ ನಸುಕಿನ ಅಡ್ಡಾಟ ಮುಗಿಸಿ ತರುತ್ತಿದ್ದ ಹಸಿ ಕಡಲೆ ನೆನಪಾಯಿತು. ಠರಾವು ಪಾಸು ಮಾಡಿದ ಸಭೆಯಲ್ಲಿ ಎಲ್ಲರೂ ಎರಡೆರಡು ಸಲ ಕೇಳಿ ತಿಂದದ್ದು ಅದೇ ಕಡಲೆಯ ಉಸುಳಿ. ಅವರು ರುಕ್ಮವ್ವನ ಕಡೆ ತಿರುಗಿದರು.

"ರುಕ್ಮವ್ವಾ, ಆಡಿದ ಮಾತು ವಾಪಸ್ ತಗೊಂಡೆ. ಕಿತ್ತವರು ಇವರು, ಒಗ್ಗರಣಿ ಕೊಟ್ಟಾಕಿ ನಾ, ತಿಂದಿದ್ದು ಇಡೀ ಕಮಿಟಿ."

ರುಕ್ಮವ್ವ ಸೆರಗು ಬಾಯಿಗೆ ಒತ್ತಿ ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ರಾಮಪ್ಪ ನಗಲಿಲ್ಲ, ಆದರೆ ಆ ಮನೆಯಲ್ಲಿ ಕೊನೆಯ ಮಾತು ಅವನದಲ್ಲ ಎಂದು ಗೊತ್ತಾಗಲು ತಡವಾಗಲಿಲ್ಲ.

"ಮುಳ್ಳು ತೆಗಿಸ್ತೇನಿ," ಎಂದಳು ರುಕ್ಮವ್ವ. "ಸೈಕಲ್ಲಿನವರು ಬದುವಿನ ಮ್ಯಾಲ ಇಳಿದು ನೂಕ್ಕೊಂಡು ಹೋಗ್ಲಿ. ಮತ್ತ, ಎಲ್ಲಾರ ಹಿಂದ ನೀವು ಬರಬೇಕು ಅಕ್ಕಾರ. ನಿಮ್ಮ ಕಣ್ಣು ಇದ್ರ ಯಾರೂ ಕೈ ಚಾಚಂಗಿಲ್ಲ."

"ನಾನ? ನಡಕೋತ?"

"ಹೂಂ ಮತ್ತ."

ಕುಮಾರಸ್ವಾಮಿಯವರು ಆಗ ಮೊದಲ ಸಲ ಮಫ್ಲರ್ ಸರಿಸಿ ಸಣ್ಣಗೆ ನಕ್ಕರು. ಹೆಂಡತಿ ನೋಡಿದ ನೋಟಕ್ಕೆ ಮತ್ತೆ ಸುತ್ತಿಕೊಂಡರು.

ಮುಂದಿನ ಭಾನುವಾರದಿಂದ ಅಕ್ಕಾರು ನಡೆಯತೊಡಗಿದರು, ದಾರಿಯುದ್ದಕ್ಕೂ ಬೈದುಕೊಳ್ಳುತ್ತ. ಅವರ ಮುಂದೆ ಕುಮಾರಸ್ವಾಮಿ, ಎರಡೂ ಕೈ ಹೆಂಡತಿಗೆ ಕಾಣುವಂತೆ ಬೆನ್ನ ಹಿಂದೆ ಕಟ್ಟಿಕೊಂಡು. ಬದುವಿನಿಂದಾಚೆ ಹೆಬ್ಬಳ್ಳಿಯವರೆಗೂ ಅವರ ಮಗ್ಗುಲಲ್ಲಿ ಮೋತ್ಯಾ. ರಾಮಪ್ಪನಿಗೆ ಮಾತ್ರ ಇದೆಲ್ಲ ಅರ್ಥವಾಗದು. ಕೆಲಸವಿಲ್ಲದೆ, ಯಾರ ಮನೆಗೂ ಅಲ್ಲದೆ, ಇಷ್ಟು ದೂರ ಯಾಕೆ ನಡೆಯುತ್ತಾರೆ ಎಂದು ವಾರವಾರವೂ ಒಬ್ಬೊಬ್ಬರನ್ನು ನಿಲ್ಲಿಸಿ ಕೇಳುತ್ತಾನೆ. ಇನ್ನೂ ಯಾರ ಉತ್ತರವೂ ಅವನಿಗೆ ಹಿಡಿಸಿಲ್ಲ.

ಬಳಗಕ್ಕೆ ಈಗ ಹೊಸ ತೊಂದರೆ. ಚಹಾದ ಥರ್ಮಾಸು ಅಕ್ಕಾರ ಚೀಲದಲ್ಲಿ, ಅಕ್ಕಾರು ರುಕ್ಮವ್ವನ ಬದುವಿನ ಮೇಲೆ. ಮೊನ್ನೆ ಹೆಬ್ಬಳ್ಳಿಯಲ್ಲಿ ಕಾದು ಕಾದು ಪ್ರತಾಪ ಫೋನು ಮಾಡಿದ.

"ಅಕ್ಕಾರ, ಎಲ್ಲಿದ್ದೀರಿ?"

"ಹಾದ್ಯಾಗ ಅದೀನಿ ತಮ್ಮಾ, ಬಂದೆ," ಎಂದು ಫೋನಿಟ್ಟು, ಅಕ್ಕಾರು ಕಾಲು ಚಾಚಿ ಕೂತು, "ಹೂಂ, ಆಮ್ಯಾಲ ನಿಮ್ಮ ಸೊಸಿ ಏನಂದ್ಲು?" ಎಂದು ರುಕ್ಮವ್ವನ ಕಡೆ ತಿರುಗಿದರು.